ಐವತ್ತು ಮೈಲಿಯ ಸಲಹೆ

ಪಂಚಪ್ಪನ ಹೊಟ್ಟೆಗೆ ಕಿಚ್ಚು ಹತ್ತಿಕೊಂಡದ್ದು ಭಾನುವಾರ ಬೆಳಗಿನ ಜಾವ ಮೂರೂವರೆಗೆ, ಒಂದು ಲೋಟ ರಾಗಿ ಗಂಜಿಯ ದೆಸೆಯಿಂದ. ಗಂಜಿಯ ಮೇಲೆ ಅವನಿಗೇನೂ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಲೋಟ ನೋಡಿ. ಅರವತ್ತೊಂದನೇ ಇಸವಿಯಲ್ಲಿ, ಯಶವಂತಪುರದ ಪಂಪು ಕಾರ್ಖಾನೆಯ ಹತ್ತು ಮೈಲಿ ಓಟದಲ್ಲಿ ಮೊದಲಿಗನಾಗಿ ಬಂದು ಅವನು ಗೆದ್ದ ಬೆಳ್ಳಿ ಮುಲಾಮಿನ ಲೋಟ ಅದು. ಇಪ್ಪತ್ತೊಂದು ವರ್ಷ ಅದರಲ್ಲಿ ಯಾರೂ ಏನನ್ನೂ ಕುಡಿದಿರಲಿಲ್ಲ, ಗೆದ್ದವನೂ ಕುಡಿದಿರಲಿಲ್ಲ. ಇವತ್ತು ಅವನ ಹೆಂಡತಿ ಮುನಿಕೆಂಪಮ್ಮ ಅದನ್ನು ಬೀರುವಿನಿಂದ ತೆಗೆದು, ತೊಳೆದು, ಬೆಲ್ಲ ಹಾಕಿದ ಗಂಜಿ ತುಂಬಿ ಪಕ್ಕದ ಮನೆಯ ಜಮೀರನ ಕೈಗೆ ಕೊಟ್ಟಿದ್ದಳು. ಜಮೀರ ಜಗಲಿಯ ಮೇಲೆ ಕೂತು ಊದಿ ಊದಿ ಕುಡಿಯುತ್ತಿದ್ದ.

ಆ ಲೋಟವನ್ನು ಯಾಕೆ ತೆಗೆದೆ ಎಂದು ಪಂಚಪ್ಪ ಹೆಂಡತಿಯನ್ನು ಒಳಗೆ ಕರೆದು ಕೇಳಿದ.

"ದೊಡ್ಡದಾಗಿತ್ತು," ಎಂದಳು ಮುನಿಕೆಂಪಮ್ಮ. "ಹುಡುಗ ಐವತ್ತು ಮೈಲಿ ಓಡ್ಬೇಕು. ಸಣ್ಣ ಲೋಟ ಆದ್ರೆ ಎಷ್ಟು ಸಲ ಅಂತ ತುಂಬ್ಸೋದು?"

ಹೆಬ್ಬಾಳದ ಆ ವಠಾರದಲ್ಲಿ ಎಂಟು ತಿಂಗಳಿಂದ ಹೀಗೇ ನಡೆದಿತ್ತು. ಜಮೀರ ಪಂಚಪ್ಪನ ಕಾರ್ಖಾನೆಯಲ್ಲೇ ಫಿಟ್ಟರ್. ಇಪ್ಪತ್ತನಾಲ್ಕು ವಯಸ್ಸು, ತಾಯಿ ತಾಹೆರಾಬಿಯ ಜೊತೆ ಪಕ್ಕದ ಮನೆಯಲ್ಲಿದ್ದ. ಮೊದಲು ಕೆರೆ ಸುತ್ತ ಓಡುತ್ತಿದ್ದವನು ಆಮೇಲೆ ಅಮೃತಹಳ್ಳಿಯ ತನಕ ಓಡಿದ, ಆಮೇಲೆ ಭಾನುವಾರ ಬಂತೆಂದರೆ ಹುಣಸಮಾರನಹಳ್ಳಿಗೆ ಹೋಗಿ ತಿಂಡಿಯ ಹೊತ್ತಿಗೆ ವಾಪಸು ಬರತೊಡಗಿದ. ವಠಾರದ ನಲ್ಲಿಯಲ್ಲಿ ಹೆಂಗಸರೆಲ್ಲ ಅವನಿಗೆ ಮೊದಲ ಬಿಂದಿಗೆ ಬಿಟ್ಟುಕೊಟ್ಟರು. ಕಾರ್ಖಾನೆಯ ಕ್ಯಾಂಟೀನಿನವನು ದಿನಾ ಎರಡು ಮೊಟ್ಟೆ ಬೇಯಿಸಿಟ್ಟ. ಪಂಚಪ್ಪನ ಮಾವ ತೀರಿಕೊಂಡಾಗ ಅರ್ಧ ದಿನ ರಜ ಕೊಡಲು ಮುಖ ಗಂಟು ಹಾಕಿದ್ದ ಮ್ಯಾನೇಜರು, ಜಮೀರ ದಿನಾ ಒಂದು ಗಂಟೆ ತಡವಾಗಿ ಬರಬಹುದೆಂದು ಬರೆದುಕೊಟ್ಟ. ಗೇಟಿನಲ್ಲಿ ಕೂತು ಹಾಜರಿ ಬರೆಯುವ ಗುಮಾಸ್ತ ಪಂಚಪ್ಪನೇ ಆದ್ದರಿಂದ, ಪ್ರತಿ ಬೆಳಿಗ್ಗೆ ಜಮೀರನ ಹೆಸರಿನ ಮುಂದೆ 'ಅನುಮತಿ ಉಂಟು' ಎಂದು ತನ್ನ ಕೈಯಾರೆ ಬರೆಯುವ ಸಂಕಟವೂ ಅವನದೇ ಆಯಿತು. ಒಂದು ಕಾಲದಲ್ಲಿ ಕಾರ್ಖಾನೆಯಲ್ಲಿ ಓಟ ಎಂದರೆ ಪಂಚಪ್ಪ ಎನ್ನುತ್ತಿದ್ದರು. ಈಗ ಪಂಚಪ್ಪ ಎಂದರೆ ಹೊಸಬರಿಗೆ ತಡವಾಗಿ ಬಂದರೆ ಕೆಂಪು ಗೆರೆ ಎಳೆಯುವವನು, ಅಷ್ಟೆ.

ಲೋಟದ ಸಂಕಟ ಆರುವ ಮೊದಲೇ ಹೆಂಡತಿ ಇನ್ನೊಂದು ಸುದ್ದಿ ಹೇಳಿದಳು. ಯಲಹಂಕದ ಯುವಕ ಸಂಘದ ಐವತ್ತು ಮೈಲಿ ಓಟ ಕಾಡುಮೇಡಿನ ಓಟ. ಟಾರು ರಸ್ತೆ ಬಿಟ್ಟು ಗಾಡಿದಾರಿ, ಕೆರೆ ಏರಿ, ನೀಲಗಿರಿ ತೋಪುಗಳ ಮೇಲೆ ನಂದಿ ಬೆಟ್ಟದ ತನಕ ಹೋಗಿ, ಮೆಟ್ಟಿಲು ಹತ್ತಿಳಿದು, ಬೇರೆ ದಾರಿಯಲ್ಲಿ ಯಲಹಂಕಕ್ಕೆ ಮರಳಬೇಕು. ಒಬ್ಬೊಬ್ಬ ಓಟಗಾರನ ಜೊತೆಗೂ ನೀರು, ಮಜ್ಜಿಗೆ ಹೊತ್ತ ಒಬ್ಬ ಸೈಕಲ್ಲಿನವನು ಇರಲೇಬೇಕೆಂದು ನಿಯಮ. ಜಮೀರನ ಚಿಕ್ಕಪ್ಪನ ಮಗ ಮುಕ್ತಾರ್ ಹೊರಡುವುದೆಂದಾಗಿತ್ತು. ಅವನು ನಿನ್ನೆ ಸಂಜೆ ಸೈಕಲ್ ತೊಳೆಯುತ್ತ ಬಚ್ಚಲ ಪಾಚಿಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದ. ತಾಹೆರಾಬಿ ಕಣ್ಣಲ್ಲಿ ನೀರು ಹಾಕಿದರಂತೆ. ಮುನಿಕೆಂಪಮ್ಮ ಗೋಡೆಯ ಮೇಲಿಂದಲೇ ಹೇಳಿಬಿಟ್ಟಿದ್ದಳು: ನಮ್ಮವರು ಹೋಗ್ತಾರೆ.

ನಾನು ಒಪ್ಪಿಲ್ಲ ಎಂದು ಪಂಚಪ್ಪ ಹೇಳಿದ. ಸೈಕಲ್ಲಿಗೆ ಗಾಳಿ ಹೊಡೆದು ಆಗಿದೆ ಎಂದು ಅವಳು ಹೇಳಿದಳು.

ನಾಲ್ಕು ಗಂಟೆಗೆ ಪಂಚಪ್ಪ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು, ಕ್ಯಾರಿಯರಿನ ಮೇಲೆ ಜಮೀರನನ್ನು ಕೂರಿಸಿಕೊಂಡು, ಯಲಹಂಕದ ಕಡೆ ತುಳಿಯುತ್ತಿದ್ದ. ನಾನೇ ತುಳೀತೀನಿ ಅಣ್ಣ ಎಂದು ಹುಡುಗ ಎರಡು ಸಲ ಕೇಳಿದ. ಕಾಲು ದಣಿಸಬಾರದೆಂದು ಮುನಿಕೆಂಪಮ್ಮ ಕಟ್ಟಪ್ಪಣೆ ಮಾಡಿ ಕಳಿಸಿದ್ದಳು. ಜಕ್ಕೂರಿನ ಏರು ಬಂದಾಗ ಪಂಚಪ್ಪನ ಎದೆ ಹಳೆಯ ಹಾರ್ಮೋನಿಯಂನ ಹಾಗೆ ಸದ್ದು ಮಾಡಿತು. ಆ ಏರಿನ ಮಧ್ಯದಲ್ಲೇ ಅವನಿಗೆ ಒಂದು ಯೋಚನೆ ಹೊಳೆಯಿತು. ಐವತ್ತು ಮೈಲಿ ಈ ಹುಡುಗನ ಕಿವಿ ನನ್ನ ಬಾಯಿಯ ಪಕ್ಕದಲ್ಲಿರುತ್ತದೆ. ದೂರದ ಓಟದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದು ನನಗೆ ಚೆನ್ನಾಗಿ ಗೊತ್ತು. ಮಾಡಬಾರದ್ದನ್ನೇ ಒಂದೊಂದಾಗಿ ಹೇಳುತ್ತ ಹೋದರೆ ಯಾರಿಗೆ ತಿಳಿದೀತು?

ಯಲಹಂಕ ಕೆರೆಯ ಏರಿಯ ಮೇಲೆ ಹನ್ನೊಂದು ಜನ ಓಟಗಾರರು ಚಳಿಗೆ ಕುಣಿಯುತ್ತಿದ್ದರು. ಸಂಘದ ಕಾರ್ಯದರ್ಶಿ ಮುನಿವೆಂಕಟಯ್ಯ, ನಿವೃತ್ತ ಲೆಕ್ಕದ ಮೇಷ್ಟ್ರು, ತಗಡಿನ ತುತ್ತೂರಿ ಹಿಡಿದು ನಿಯಮಗಳನ್ನು ಮಗ್ಗಿಯ ಹಾಗೆ ಎರಡೆರಡು ಸಲ ಒಪ್ಪಿಸಿದರು. ದಾರಿ ಕವಲೊಡೆಯುವಲ್ಲೆಲ್ಲ ಸುಣ್ಣದ ಗುರುತು ಇರುತ್ತದೆ; ರಾಜಾನುಕುಂಟೆ, ಬೆಟ್ಟದ ತುದಿ, ಹುಣಸಮಾರನಹಳ್ಳಿ, ಮೂರು ಕಡೆ ಅಂಗೈಗೆ ಮುದ್ರೆ ಒತ್ತಿಸಿಕೊಳ್ಳಬೇಕು; ಸೈಕಲ್ಲಿನವನೂ ಬೆಟ್ಟ ಹತ್ತಬೇಕು. ಮೊದಲ ಬಹುಮಾನ ಒಂದು ಕೈಗಡಿಯಾರ. ಆ ಹನ್ನೊಂದು ಜನರಲ್ಲಿ ನೋಡುವಂಥವನು ಅಮೃತಹಳ್ಳಿಯ ಪಿಳ್ಳಣ್ಣ. ನಲವತ್ತರ ಹತ್ತಿರದ ಹಾಲಿನವನು, ಬರಿಗಾಲು, ಪಂಚೆಯನ್ನು ಕಚ್ಚೆ ಕಟ್ಟಿದ್ದ. ಅವನ ಸೈಕಲ್ಲಿನವನು ಅವನ ಭಾಮೈದ ಮುನಿಆಂಜಿನಪ್ಪ. ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡಿದ್ದ ಆತ ಆ ದಿನವೆಲ್ಲ ಯಾರೊಂದಿಗೂ ಒಂದು ಮಾತೂ ಆಡಲಿಲ್ಲ.

ಸೀಟಿ ಊದುವ ಮೊದಲು ಪಂಚಪ್ಪ ಜಮೀರನ ಹೆಗಲ ಮೇಲೆ ಕೈಯಿಟ್ಟ. "ನೋಡಪ್ಪ, ಮೊದಲ ಹತ್ತು ಮೈಲಿ ಜೀವ ಬಿಟ್ಟು ಓಡ್ಬಿಡು. ಮಿಕ್ಕೋರ ಎದೆ ಅಲ್ಲೇ ಒಡೆದು ಹೋಗುತ್ತೆ."

"ಆಗ್ಲಿ ಅಣ್ಣ," ಎಂದ ಜಮೀರ ವಿನಯದಿಂದ.

ಮೇಷ್ಟ್ರು ಸೀಟಿ ಊದಿದರು. ಒಂಬತ್ತು ಜನ ಹಗ್ಗ ಬಿಚ್ಚಿದ ಕರುಗಳ ಹಾಗೆ ಕಿತ್ತುಕೊಂಡು ಹೋದರು. ಜಮೀರ ಮಾತ್ರ ರೇಷನ್ ಅಂಗಡಿಗೆ ಸೀಮೆಎಣ್ಣೆ ತರಲು ಹೊರಟವನ ಹಾಗೆ ಹಗುರವಾಗಿ ಹೆಜ್ಜೆ ಹಾಕಿದ. ಅವನ ಪಕ್ಕದಲ್ಲಿ ಪಿಳ್ಳಣ್ಣನೂ ಹಾಗೇ. ಅಷ್ಟು ನಿಧಾನಕ್ಕೆ ಸೈಕಲ್ ಬಿಡಲಾಗದೆ ಪಂಚಪ್ಪ ಎರಡು ಸಲ ಬೇಲಿಗೆ ಒರಗಿಕೊಂಡ. ಆದರೂ ಅವನಿಗೆ ಒಳಗೊಳಗೇ ಹಿಗ್ಗಾಯಿತು. ಹೇಳಿದ ಹಾಗೆ ಓಡುವ ಶಕ್ತಿಯೇ ಹುಡುಗನಿಗಿಲ್ಲ, ಎಂಟು ತಿಂಗಳ ಮೊಟ್ಟೆ ಎಲ್ಲಿ ಹೋಯಿತೋ ಎಂದುಕೊಂಡ.

ರಾಜಾನುಕುಂಟೆಯಲ್ಲಿ ಮುದ್ರೆ ಒತ್ತುವವನ ಎದುರಿಗೇ ಒಂದು ಹೋಟೆಲು. ಆಗತಾನೆ ಇಡ್ಲಿ ಬೆಂದ ಹಬೆ ರಸ್ತೆಗೆ ಬರುತ್ತಿತ್ತು. ಪಂಚಪ್ಪ ಎಂಟು ಇಡ್ಲಿ ಕಟ್ಟಿಸಿ, ಹೊಟ್ಟೆ ಬಿರಿಯುವಷ್ಟು ತಿಂದರೇ ಬೆಟ್ಟ ಹತ್ತಲಾಗುವುದೆಂದು ಹುಡುಗನಿಗೆ ಉಪದೇಶ ಮಾಡಿದ. ಆಗ್ಲಿ ಅಣ್ಣ ಎಂದು ಜಮೀರ ಪೊಟ್ಟಣ ಇಸಿದುಕೊಂಡ; ಸ್ವಲ್ಪ ಮುಂದೆ ಹೋಗಿ ತಿನ್ನುತ್ತೇನೆ, ಬಿಸಿ ಇದೆ ಎಂದು ಹ್ಯಾಂಡಲ್ಲಿಗೆ ಸಿಕ್ಕಿಸಿದ. ಜೇಬಿನಿಂದ ಅಡಿಕೆಯಷ್ಟು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡು ಓಡುತ್ತಲೇ ಹೋದ. ಎರಡು ಮೈಲಿ ಕಳೆದರೂ ಅವನು ಪೊಟ್ಟಣದ ಸುದ್ದಿ ಎತ್ತಲಿಲ್ಲ. ಚಟ್ನಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಾಳಾಗಬಾರದಲ್ಲ ಎಂದು ಪಂಚಪ್ಪ ಒಂದೊಂದಾಗಿ ಎಂಟನ್ನೂ ತಾನೇ ತಿಂದ.

ಅಲ್ಲಿಂದ ಮುಂದಕ್ಕೆ ಗಾಡಿದಾರಿ. ಬೆಟ್ಟ ಮುಟ್ಟುವ ತನಕ ನೀರು ಮುಟ್ಟಬೇಡ, ನೀರು ಕುಡಿದರೆ ಮೈ ಭಾರವಾಗುತ್ತದೆ ಎಂದು ಪಂಚಪ್ಪ ಮೂರನೆಯ ಸಲಹೆ ಕೊಟ್ಟು ಮುಗಿಸುವಷ್ಟರಲ್ಲಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಜಾಲಿ ಮುಳ್ಳು ಹೊಕ್ಕಿತು. ಮುಂದಿನ ಹಳ್ಳಿಯ ಪಂಕ್ಚರ್ ಅಂಗಡಿಯ ತನಕ ಅವನು ಸೈಕಲ್ ತಳ್ಳಿಕೊಂಡು ನಡೆದ. ನಾಯಿಯೊಂದು ಅಷ್ಟು ದೂರವೂ ಅವನ ಮೀನಖಂಡವನ್ನೇ ನೋಡಿಕೊಂಡು ಜೊತೆಗೆ ಬಂತು. ರಿಪೇರಿ ಮಾಡಿಸಿ ಹಿಂದೆ ಬಿದ್ದು ತುಳಿಯುವಾಗ, ದಾರಿಯ ಪ್ರತಿ ಬಾವಿಕಟ್ಟೆಯಲ್ಲೂ ಹೆಂಗಸರು ಒಂದೇ ಮಾತು ಹೇಳಿದರು. ಚಡ್ಡಿ ಹಾಕಿಕೊಂಡ ಒಬ್ಬ ಒಳ್ಳೆ ಹುಡುಗ ಈಗತಾನೆ ಬೊಗಸೆಯಲ್ಲಿ ನೀರು ಕುಡಿದು, ತಲೆಗೂ ಸುರಿದುಕೊಂಡು, ಅಕ್ಕ ನಿಮಗೆ ಒಳ್ಳೇದಾಗಲಿ ಎಂದು ಹೇಳಿ ಹೋದನಂತೆ. ಒಂದು ಬಾವಿಯ ಹತ್ತಿರ ಮುದುಕಿಯೊಬ್ಬಳು, ಅಂಥ ಮಗನನ್ನು ಹೆತ್ತ ತಾಯಿ ಪುಣ್ಯವಂತೆ ಎಂದಳು. ಅಪರಿಚಿತ ಹೆಂಗಸರೂ ಆಗಲೇ ಅವನ ಪಕ್ಷ ಸೇರಿದ್ದರು. ಪಂಚಪ್ಪನಿಗೂ ಬಾಯಾರಿತ್ತು, ಅವನಿಗೆ ಬೇಕಾದರೆ ಸೇದಿಕೋ ಎಂದು ಹಗ್ಗ ತೋರಿಸಿದರು.

ಬೆಟ್ಟದ ಬುಡದಲ್ಲಿ ಜಮೀರ ಕಾಯುತ್ತ ನಿಂತಿದ್ದ. ನೂರಾರು ಮೆಟ್ಟಿಲು, ಕಲ್ಲು ಸವೆದು ನುಣುಪಾದವು. ಮೆಟ್ಟಿಲ ಮೇಲೆ ನಡೆದರೆ ಮಾನ ಹೋಗುತ್ತದೆ, ಓಡಿಯೇ ಹತ್ತಬೇಕು, ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ ಎಂದ ಪಂಚಪ್ಪ. ಆಗ್ಲಿ ಅಣ್ಣ ಎಂದ ಜಮೀರ ಎರಡು ಕೈಗಳನ್ನೂ ಮೊಣಕಾಲಿಗೆ ಕೊಟ್ಟು, ಹರಕೆ ಹೊತ್ತ ಮುದುಕನ ಹಾಗೆ ಒಂದೊಂದೇ ಮೆಟ್ಟಿಲು ನಡೆದು ಹತ್ತಿದ. ಸೈಕಲ್ಲನ್ನು ಮರಕ್ಕೆ ಒರಗಿಸಿ, ಮಜ್ಜಿಗೆಯ ಕ್ಯಾನು ಹೊತ್ತು, ಎಂಟು ಇಡ್ಲಿಗಳ ಸಮೇತ ಪಂಚಪ್ಪ ಹಿಂದಿನಿಂದ ಹತ್ತಿದ. ಮುನ್ನೂರನೇ ಮೆಟ್ಟಿಲಲ್ಲಿ ಒಂದು ಕೋತಿ ಅವನ ಮಫ್ಲರ್ ಕಿತ್ತುಕೊಂಡು ಹೋಗಿ, ತಾನೇ ಕತ್ತಿಗೆ ಸುತ್ತಿಕೊಂಡು ಕೂತಿತು. ಅದನ್ನು ಕೇಳಲು ಅವನ ಬಳಿ ಉಸಿರಿರಲಿಲ್ಲ.

ತುದಿಗೆ ಹೋಗಿ ನೋಡಿದರೆ, ಬೆಳಿಗ್ಗೆ ಕಿತ್ತುಕೊಂಡು ಹೋಗಿದ್ದವರಲ್ಲಿ ಏಳು ಜನ ಬಂಡೆಯ ಮೇಲೆ ಒಣಹಾಕಿದ ಸಂಡಿಗೆಗಳಂತೆ ಬಿದ್ದಿದ್ದರು. ಒಬ್ಬ ಮೀನಖಂಡ ಹಿಡಿದುಕೊಂಡು ಅಳುತ್ತಿದ್ದ, ಇನ್ನೊಬ್ಬ ತಿಂದದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದ. ಉಳಿದಿಬ್ಬರು ದಾರಿಯಲ್ಲೇ ಬಿಟ್ಟು ಬಸ್ಸು ಹತ್ತಿದ್ದರಂತೆ. ಮುದ್ರೆ ಒತ್ತುವವನು ಜಮೀರನ ಅಂಗೈ ಹಿಡಿದು, ಇಲ್ಲಿಂದ ಕೆಳಗಿಳಿಯುವವರಲ್ಲಿ ನೀನೇ ಮೊದಲನೆಯವನು ಎಂದ. ಪಿಳ್ಳಣ್ಣ ಒಂದು ಮೈಲಿ ಹಿಂದಿದ್ದ. ಪಂಚಪ್ಪ ಬಂಡೆಯ ಮೇಲೆ ಕುಸಿದು ಕೂತ. ತನ್ನ ಒಂದು ಮಾತನ್ನೂ ಈ ಹುಡುಗನ ಮೈ ಕೇಳುತ್ತಿಲ್ಲ, ಆದರೂ ಗೆಲ್ಲುತ್ತಿದ್ದಾನೆ. ಓಡುವ ಹಣೆಬರಹ ಬರೆದ ದೇವರಿಗೆ ಕಣ್ಣಿಲ್ಲ ಎನ್ನಿಸಿ ಅವನಿಗೆ ಅಳು ಬರುವಂತಾಯಿತು.

ಬೆಟ್ಟ ಇಳಿದು, ದೇವನಹಳ್ಳಿಯ ಕಡೆಯ ಹೊಲಗಳನ್ನು ಬಳಸಿಕೊಂಡು ಬರುವಾಗ ಹನ್ನೊಂದು ಗಂಟೆಯ ಬಿಸಿಲು. ಒಂದು ಹಳ್ಳಿಯ ಅರಳಿಕಟ್ಟೆಯ ಮೇಲೆ ಇಪ್ಪತ್ತು ಮೂವತ್ತು ಜನ ಓಟ ನೋಡಲು ಸೇರಿದ್ದರು. ಜಮೀರ ಅವರ ಚಪ್ಪಾಳೆಯ ಮಧ್ಯೆ ಹಾದು ಹೋದ. ಹಿಂದಿನಿಂದ ಬಂದ ಪಂಚಪ್ಪನನ್ನು ನೋಡಿ ನೆರೆತ ತಲೆಯ ಒಬ್ಬ ಎದ್ದು ನಿಂತು ಸೈಕಲ್ಲಿಗೆ ಅಡ್ಡ ಬಂದ.

"ನೀವು ಪಂಪು ಕಾರ್ಖಾನೆ ಪಂಚಪ್ಪ ಅಲ್ವರಾ? ಅರವತ್ತೊಂದ್ರಲ್ಲಿ ನಿಮ್ ಇಂದೆ ನಾನೂ ಓಡಿದ್ದೆ. ನಾಕನೇವ್ನಾಗಿ ಬಂದೆ." ಅವನು ಜನರ ಕಡೆ ತಿರುಗಿದ. "ಈ ವಯ್ಯ ಎಂಥಾ ಓಟಗಾರ ಗೊತ್ತೇನ್ರೋ. ಆ ಉಡ್ಗನ್ನ ತಯಾರ್ ಮಾಡಿರೋರು ಇವ್ರೇಯ. ಅದಕ್ಕೇ ಇಂಗೆ ಓಡ್ತಾವ್ನೆ."

ಅಲ್ಲ ಎನ್ನಲು ಪಂಚಪ್ಪ ಬಾಯಿ ತೆರೆದ. ಬಾಯಿಂದ ಬಂದದ್ದು ಬೇರೆ. "ಏನೋ, ಕೈಲಾದಷ್ಟು ಹೇಳ್ಕೊಟ್ಟಿದೀನಿ," ಎಂದ.

ಜನ ಅವನನ್ನು ಸುತ್ತುವರಿದರು. ಯಾರೋ ಎಳನೀರು ಕೆತ್ತಿ ಕೈಗೆ ಕೊಟ್ಟರು. ಯಾರೋ ಅವನ ಹೆಗಲ ಧೂಳು ಕೊಡವಿದರು. ಇಪ್ಪತ್ತೊಂದು ವರ್ಷದಿಂದ ಅವನನ್ನು ಯಾರೂ ಹಾಗೆ ನೋಡಿರಲಿಲ್ಲ. ಎಳನೀರು ಮುಗಿಯುವುದರೊಳಗೆ ಪಂಚಪ್ಪನ ಕಣ್ಣ ಮುಂದೆ ಯಲಹಂಕದ ವೇದಿಕೆ ಬಂದು ನಿಂತಿತು. ಮುನಿವೆಂಕಟಯ್ಯ ತುತ್ತೂರಿಯಲ್ಲಿ ಕೂಗುತ್ತಿದ್ದಾರೆ, ಗೆದ್ದವನ ಗುರುಗಳು ಮೇಲೆ ಬರಬೇಕು. ಹಾರ ಎರಡು. ಮ್ಯಾನೇಜರು ಎದ್ದು ಕೈ ಕುಲುಕುತ್ತಿದ್ದಾರೆ. ಜಮೀರ ಗೆದ್ದರೆ ಗೆದ್ದವನು ನಾನೇ ಎಂಬ ಸರಳವಾದ ಸತ್ಯ ಇಷ್ಟು ಹೊತ್ತೂ ತನಗೆ ಹೊಳೆಯದೇ ಹೋಯಿತಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ. ಹೊಟ್ಟೆಯ ಕಿಚ್ಚು ಎಳನೀರಿನ ಜೊತೆ ತಣ್ಣಗಾಯಿತು. ಇನ್ನು ಹದಿನೈದು ಮೈಲಿ. ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಈ ಹುಡುಗನಿಗೆ ಧಾರೆ ಎರೆಯುವುದೆಂದು ನಿಶ್ಚಯಿಸಿ ಅವನು ಜೋರಾಗಿ ತುಳಿದ.

ಜಮೀರನ ಪಕ್ಕಕ್ಕೆ ಬಂದವನೇ, ಬಿಸಿಲು ಏರುತ್ತಿದೆ, ಮೈಲಿಗೆ ಎರಡು ಗುಟುಕಿನಂತೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತಿರು ಎಂದ. ದನಿಯಲ್ಲಿ ಅವನಿಗೇ ಆಶ್ಚರ್ಯವಾಗುವಷ್ಟು ಅಕ್ಕರೆಯಿತ್ತು. ಆಗ್ಲಿ ಅಣ್ಣ ಎಂದ ಜಮೀರ ಮುಂದಿನ ನಾಲ್ಕು ಮೈಲಿ ಮಜ್ಜಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಅವನ ತುಟಿ ಒಣಗಿ ಬೆಳ್ಳಗಾಯಿತು. ಪಂಚಪ್ಪ ಕ್ಯಾನಿನ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಹುಡುಗ ಕಷ್ಟಪಟ್ಟು ಮುಖ ತಿರುಗಿಸಿದ.

ಒಂದು ಏರು ಬಂತು. ಇಲ್ಲಿ ಓಡಬೇಡ, ನಡೆದು ಉಸಿರು ಉಳಿಸಿಕೋ ಎಂದು ಪಂಚಪ್ಪ ಬೇಡಿಕೊಂಡ. ಜಮೀರ ಹಲ್ಲು ಕಚ್ಚಿ ಏರಿನುದ್ದಕ್ಕೂ ಓಡಿದ. ಮೇಲೆ ಹೋಗುವಷ್ಟರಲ್ಲಿ ಅವನ ಕಾಲು ತಂತಿ ಎಳೆದ ಗೊಂಬೆಯ ಕಾಲಿನಂತೆ ಅಡ್ಡಾದಿಡ್ಡಿ ಬೀಳುತ್ತಿತ್ತು. ಹುಣಸಮಾರನಹಳ್ಳಿಯಲ್ಲಿ ಕೊನೆಯ ಮುದ್ರೆ ಒತ್ತಿಸಿಕೊಂಡು ಹೊರಬಿದ್ದಾಗ ಪಂಚಪ್ಪ ಹಿಂತಿರುಗಿ ನೋಡಿದ. ಅರ್ಧ ಮೈಲಿ ಹಿಂದೆ, ಧೂಳಿನಲ್ಲಿ, ಪಿಳ್ಳಣ್ಣನ ಬಿಳಿ ಪಂಚೆ ಬೆಳಗಿನ ಅದೇ ಹದದಲ್ಲಿ ಮೇಲೆ ಕೆಳಗೆ ಆಡುತ್ತ ಬರುತ್ತಿತ್ತು.

"ಜಮೀರಾ, ಏನೇ ಆಗ್ಲಿ, ಕೂತ್ಕೋಬೇಡ ಕಣೋ," ಎಂದ ಪಂಚಪ್ಪ. "ಈಗ ಕೂತ್ರೆ ಕಾಲು ಹಿಡ್ಕೊಂಡ್ಬಿಡುತ್ತೆ."

"ಆಗ್ಲಿ ಅಣ್ಣ," ಎಂದ ಜಮೀರ. ಹತ್ತು ಹೆಜ್ಜೆ ಹೋಗಿ, ಒಂದು ಹುಣಸೆ ಮರದ ಕೆಳಗೆ, ಬಹಳ ಸಮಾಧಾನದಿಂದ ಕಾಲು ಚಾಚಿ ಕೂತುಬಿಟ್ಟ.

ಪಂಚಪ್ಪನಿಗೆ ತಲೆ ಕೆಟ್ಟಿತು. ದಣಿವು ಹುಡುಗನ ಕಿವಿಗೆ ಹೊಕ್ಕಿದೆ ಎಂದುಕೊಂಡ. ಸೈಕಲ್ ಬಿಸಾಕಿ, ಹುಡುಗನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಮೀನಖಂಡ ತಿಕ್ಕಿ, ಬೆನ್ನು ತಟ್ಟಿ ಮುಂದಕ್ಕೆ ನೂಕಿದ. ಬಿದ್ದ ರಭಸಕ್ಕೆ ಸೈಕಲ್ಲಿನ ಚೈನು ತುಂಡಾಗಿತ್ತು. ಇನ್ನು ಉಳಿದ ದಾರಿಯನ್ನು ಅವನೂ ಓಡಬೇಕಾಯಿತು, ಸೈಕಲ್ ತಳ್ಳಿಕೊಂಡು, ಚಪ್ಪಲಿಯಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ. ಆದರೂ ಓಡಿದ. ವೇದಿಕೆಯ ಮೇಲಿನ ಎರಡನೇ ಹಾರ ಅವನನ್ನು ಎಳೆಯುತ್ತಿತ್ತು.

ಯಲಹಂಕ ಕೆರೆಗೆ ಇನ್ನು ಎರಡು ಮೈಲಿ ಇದ್ದಾಗ ದಾರಿ ಕವಲೊಡೆಯಿತು. ಸುಣ್ಣದ ಗುರುತು ಇರಬೇಕಾದ ಜಾಗದಲ್ಲಿ ಕುರಿಮಂದೆಯೊಂದು ಹಾದುಹೋಗಿ ನೆಲವೆಲ್ಲ ಗೊರಸಿನ ಗುರುತಾಗಿತ್ತು. ಬಲಗಡೆಯ ದಾರಿ ಅಗಲವಾಗಿ, ನೇರವಾಗಿ ಕಾಣುತ್ತಿತ್ತು. ಆದರೆ ಪಂಚಪ್ಪ ಹರೆಯದಲ್ಲಿ ಈ ನೆಲದಲ್ಲೇ ಓಡಿ ಕಲಿತವನು. ಬಲಗಡೆಯದು ಇಟ್ಟಿಗೆ ಗೂಡಿನ ಹಿಂದೆ ಕೆರೆಯ ಕೆಸರಿನಲ್ಲಿ ಮುಗಿಯುತ್ತದೆ. ಎಡಗಡೆಯ ಕಾಲುದಾರಿ ಹೊಂಗೆ ತೋಪು ದಾಟಿ ಏರಿಗೆ ಸೇರುತ್ತದೆ ಎಂಬುದು ಅವನಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತಿತ್ತು. ಪಿಳ್ಳಣ್ಣ ಈಗ ನೂರು ಗಜ ಹಿಂದಿದ್ದ.

"ಎಡಕ್ಕೆ," ಎಂದ ಪಂಚಪ್ಪ.

"ಆಗ್ಲಿ ಅಣ್ಣ," ಎಂದು ಜಮೀರ ಬಲಕ್ಕೆ ತಿರುಗಿದ.

"ಲೋ, ಎಡಗಡೆ ಕಣೋ. ಊಟ ಮಾಡದಿರೋ ಕೈ ಕಡೆ."

ಗೊತ್ತಾಯ್ತು ಎಂಬಂತೆ ಜಮೀರ ಊಟ ಮಾಡುವ ಕೈಯನ್ನು ಎತ್ತಿ ಬೀಸಿ, ಬಲಗಡೆಯ ದಾರಿಯಲ್ಲಿ ಇನ್ನೂ ಜೋರು ಮಾಡಿದ. ಪಂಚಪ್ಪ ಕವಲಿನಲ್ಲಿ ನಿಂತು ಗಂಟಲು ಹರಿಯುವ ಹಾಗೆ ಎಡಕ್ಕೆ, ಎಡಕ್ಕೆ, ನಿಮ್ಮಮ್ಮನಾಣೆಗೂ ಎಡಕ್ಕೆ ಎಂದು ಕೂಗಿದ. ಅವನು ಕೂಗಿದಷ್ಟೂ ಹುಡುಗ ವೇಗ ಹೆಚ್ಚಿಸಿದ, ಕೊನೆಗೆ ಇಟ್ಟಿಗೆ ಗೂಡಿನ ಹಿಂದೆ ಮರೆಯಾದ. ಅಷ್ಟರಲ್ಲಿ ಪಿಳ್ಳಣ್ಣ ಕವಲಿಗೆ ಬಂದ. ಎರಡೂ ದಾರಿ ನೋಡಿದ, ಎಡಕ್ಕೆ ಎಂದು ಅರಚುತ್ತಿದ್ದ ಪಂಚಪ್ಪನನ್ನು ನೋಡಿದ. ಭಾಮೈದ ಎಲೆಅಡಿಕೆ ಉಗಿದು ಗದ್ದದಿಂದ ಎಡಗಡೆ ತೋರಿಸಿದ. ಇಬ್ಬರೂ ಪಂಚಪ್ಪನಿಗೆ ಕೈಮುಗಿದು ಎಡಕ್ಕೆ ಹೋದರು. ಆ ದಿನ ಪಂಚಪ್ಪನ ಮಾತನ್ನು ಹೇಳಿದ ಹಾಗೇ ಕೇಳಿದವನು ಪಿಳ್ಳಣ್ಣನೊಬ್ಬನೇ.

ಸೊಂಟದ ತನಕ ಕೆಸರಿನಲ್ಲಿ ಹೂತಿದ್ದ ಜಮೀರನನ್ನು ಎಳೆದು ತೆಗೆದು, ವಾಪಸು ಕವಲಿಗೆ ಬಂದು, ಇಬ್ಬರೂ ಎಮ್ಮೆಗಳ ಬಣ್ಣದಲ್ಲಿ ಏರಿ ಮುಟ್ಟಿದಾಗ ಪಿಳ್ಳಣ್ಣ ಹಾರ ಹಾಕಿಸಿಕೊಂಡು, ಗಡಿಯಾರ ಕಟ್ಟಿಕೊಂಡು, ಕಾಫಿ ಕುಡಿದು ಮುಗಿಸಿದ್ದ. ಜಮೀರನಿಗೆ ಎರಡನೇ ಬಹುಮಾನವಾಗಿ ಒಂದು ಸ್ಟೀಲ್ ಬಕೆಟ್ ಕೊಟ್ಟರು. ಹೆಬ್ಬಾಳದಿಂದ ಬಸ್ಸಿನಲ್ಲಿ ಬಂದಿದ್ದ ವಠಾರದ ಜನ ಬಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡು ಮಾತು ಆಡೆಂದು ಮುನಿವೆಂಕಟಯ್ಯ ತುತ್ತೂರಿಯನ್ನು ಪಿಳ್ಳಣ್ಣನ ಕೈಗೆ ಕೊಟ್ಟರು.

"ನಂದೇನೂ ಇಲ್ಲ," ಎಂದ ಪಿಳ್ಳಣ್ಣ, ನಿಯತ್ತಿನ ಮನುಷ್ಯ. "ಕವಲಲ್ಲಿ ಈ ಯಜಮಾನ್ರು ನಿಂತ್ಕೊಂಡು ಎಡಕ್ಕೆ ಓಗು ಅಂತ ದಾರಿ ತೋರ್ಸಿದ್ರು. ಇಲ್ದಿದ್ರೆ ನಾನೂ ಕೆಸ್ರಿಗೇ ಓಗ್ತಿದ್ದೆ."

ವಠಾರದ ಇಪ್ಪತ್ತು ಜೊತೆ ಕಣ್ಣು ಒಟ್ಟಿಗೆ ಪಂಚಪ್ಪನ ಕಡೆ ತಿರುಗಿದವು. ಸ್ವಂತ ಹುಡುಗನನ್ನು ಕೆಸರಿಗೆ ಕಳಿಸಿ ಅಮೃತಹಳ್ಳಿಯವನಿಗೆ ದಾರಿ ತೋರಿಸಿದನೇ ಎಂದು ಒಬ್ಬರು ಗೊಣಗಿದರು. ಹೊಟ್ಟೆಕಿಚ್ಚು ಎಂದು ಇನ್ನೊಬ್ಬರು ಪೂರ್ತಿ ಮಾಡಿದರು. ತಾಹೆರಾಬಿ ಮುಂದೆ ಬಂದು, ಪಂಚಪ್ಪಣ್ಣ, ನಿಮ್ಮನ್ನ ನಂಬಿ ಕಳಿಸಿದ್ದೆ ಎಂದಷ್ಟೇ ಹೇಳಿದರು. ಪಂಚಪ್ಪ, ಜಮೀರನಿಗೂ ಎಡಕ್ಕೇ ಎಂದು ಹೇಳಿದ್ದೆ, ಒಂದಲ್ಲ ಹತ್ತು ಸಲ ಹೇಳಿದ್ದೆ, ಬೇಕಾದರೆ ಅವನನ್ನೇ ಕೇಳಿ ಎಂದ.

ಜಮೀರನೂ ನಿಯತ್ತಿನವನೇ. "ಹೌದು. ಅಣ್ಣ ಎಡಕ್ಕೇ ಅಂದ್ರು," ಎಂದ.

"ಮತ್ತೆ ಬಲಕ್ಕೆ ಯಾಕಪ್ಪ ಹೋದೆ?" ಎಂದು ಮುನಿವೆಂಕಟಯ್ಯ ಕೇಳಿದರು.

ಹುಡುಗ ಕೆಸರು ಮೆತ್ತಿದ ಕಾಲು ನೋಡಿಕೊಂಡ. ಆಮೇಲೆ ಮುನಿಕೆಂಪಮ್ಮನ ಮುಖ ನೋಡಿದ. "ಬೆಳಿಗ್ಗೆ ಅಕ್ಕ ಹೇಳಿದ್ರು ಸಾರ್. ಅಣ್ಣ ಏನ್ ಹೇಳಿದ್ರೂ ಆಗ್ಲಿ ಅನ್ನು, ಮಾಡೋವಾಗ ಅದರ ಉಲ್ಟಾ ಮಾಡು, ಕ್ಷೇಮವಾಗಿ ಬರ್ತೀಯ ಅಂತ."

"ಹೌದು, ನಾನೇ ಹೇಳ್ದೆ," ಎಂದಳು ಮುನಿಕೆಂಪಮ್ಮ, ಒಂದಿಷ್ಟೂ ಅಳುಕದೆ. "ಹದಿನೆಂಟು ವರ್ಷದಿಂದ ನಾನು ಸಂಸಾರ ಮಾಡ್ತಿರೋದೂ ಹಂಗೇನೆ."

ಪಂಚಪ್ಪನಿಗೆ ಮೊದಲು ಆದದ್ದು ಸಂತೋಷ. ತನ್ನ ಮೇಲಿನ ಆಪಾದನೆ ಎಲ್ಲರ ಎದುರಿಗೇ ತೊಳೆದು ಹೋಗಿತ್ತು. ನೋಡಿದಿರಾ ಎನ್ನುವ ಹಾಗೆ ಅವನು ಎರಡೂ ಕೈ ಅಗಲಿಸಿದ. ಆದರೆ ಮುನಿವೆಂಕಟಯ್ಯ ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು. ಅವರು ಕಣ್ಣು ಸಣ್ಣಗೆ ಮಾಡಿಕೊಂಡು, ಗಾಳಿಯಲ್ಲಿ ಬೆರಳಿನಿಂದ ಏನನ್ನೋ ಬರೆಯುತ್ತ ನಿಂತಿದ್ದರು.

"ಅಂದ್ರೆ ಹುಡುಗ ಬೆಳಿಗ್ಗೆಯಿಂದ ಉಲ್ಟಾನೇ ಮಾಡಿದಾನೆ," ಎಂದರು ನಿಧಾನವಾಗಿ. "ಉಲ್ಟಾ ಮಾಡ್ಕೊಂಡೇ ಬೆಟ್ಟದಿಂದ ಎಲ್ಲರಿಗಿಂತ ಮೊದಲು ಇಳಿದ." ಅವರ ಬೆರಳು ನಿಂತಿತು. "ಹಾಗಾದ್ರೆ ಪಂಚಪ್ಪನೋರೆ, ಬೆಟ್ಟದವರೆಗೂ ನೀವು ಅವನಿಗೆ ಹೇಳಿದ್ದೇನು?"

ಪಂಚಪ್ಪ ಬಗ್ಗಿ ಸೈಕಲ್ಲಿನ ತುಂಡಾದ ಚೈನನ್ನು ಜೋಡಿಸತೊಡಗಿದ. ಹೋಗಲಿ ಬಿಡಿ ಸಾರ್, ಅಣ್ಣ ನನಗೋಸ್ಕರ ಬಹಳ ಕಷ್ಟಪಟ್ಟರು ಎಂದು ಜಮೀರನೇ ಮಧ್ಯೆ ಬಂದು ಹೇಳಿದ. ಅಷ್ಟೂ ಜನರ ಮುಂದೆ ಅವನಿಂದಲೇ ಬಿಡಿಸಿಕೊಳ್ಳಬೇಕಾಗಿ ಬಂದದ್ದು ಪಂಚಪ್ಪನಿಗೆ ಆ ದಿನದ ಉಳಿದೆಲ್ಲಕ್ಕಿಂತ ಹೆಚ್ಚು ಉರಿಯಿತು.

ವಠಾರದವರು ಜಮೀರನನ್ನು ಬಕೆಟ್ಟಿನ ಸಮೇತ ಸಂಘದ ಲಾರಿಗೆ ಹತ್ತಿಸಿಕೊಂಡು ಹೊರಟುಹೋದರು. ಪಂಚಪ್ಪನಿಗೆ ಜಾಗ ಇದೆ ಎಂದು ಯಾರೂ ಹೇಳಲಿಲ್ಲ. ಮುನಿಕೆಂಪಮ್ಮ ಮಾತ್ರ ಗಂಡನಿಗಾಗಿ ಇಳಿದು ನಿಂತಳು. ಎದುರಿಗೇ ಹೆಬ್ಬಾಳದ ಬಸ್ಸು ಖಾಲಿಯಾಗಿ ನಿಂತಿತ್ತು. ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡಿದ್ದ. ಪಂಚಪ್ಪನ ಎರಡು ಹಿಮ್ಮಡಿಯಲ್ಲೂ ಬೊಕ್ಕೆ ಎದ್ದಿತ್ತು, ಮೊಣಕಾಲು ಮಡಚುತ್ತಿರಲಿಲ್ಲ. ಸೈಕಲ್ಲನ್ನು ಇಲ್ಲೇ ಮುನಿವೆಂಕಟಯ್ಯನವರ ಹತ್ತಿರ ಬಿಟ್ಟು, ಬಸ್ಸಿನ ಆ ಮೆತ್ತನೆಯ ಸೀಟಿನಲ್ಲಿ ಹೋಗಿ ಬಿದ್ದುಕೊಳ್ಳಬೇಕೆಂದು ಅವನ ಮೈಯ ಒಂದೊಂದು ಎಲುಬೂ ಅಂಗಲಾಚುತ್ತಿತ್ತು. ಬಸ್ಸಿನಲ್ಲಿ ಹೋಗೋಣ ಎನ್ನಲು ಬಾಯಿ ತೆರೆದವನು, ತಟ್ಟನೆ ಬಾಯಿ ಮುಚ್ಚಿಕೊಂಡ. ಹದಿನೆಂಟು ವರ್ಷ ತಿಳಿಯದ ಗುಟ್ಟು ಈಗ ತಿಳಿದಿತ್ತು. ಇನ್ನಾದರೂ ಅದನ್ನು ಉಪಯೋಗಿಸಿಕೊಳ್ಳದಿದ್ದರೆ ತನ್ನಂಥ ದಡ್ಡ ಇನ್ನೊಬ್ಬನಿಲ್ಲ.

"ಬಸ್ಸು ಬೇಡ," ಎಂದ ಪಂಚಪ್ಪ, ಆದಷ್ಟು ಗಟ್ಟಿಯಾಗಿ. "ಸೈಕಲ್ ತಳ್ಕೊಂಡು ನಡ್ಕೊಂಡೇ ಹೋಗೋಣ."

ಮುನಿಕೆಂಪಮ್ಮ ಅವನನ್ನು ಕೆಸರಿನ ಕಾಲಿನಿಂದ ಬೋಳು ಕತ್ತಿನ ತನಕ ಒಮ್ಮೆ ನೋಡಿದಳು. ಇಷ್ಟು ಜನರ ಮುಂದೆ ಗಂಡನ ಮಾನ ತೆಗೆದೆನಲ್ಲ ಎಂದು ಅವಳಿಗೂ ಒಳಗೊಳಗೇ ಚುಚ್ಚುತ್ತಿತ್ತೋ ಏನೋ. ಅವಳ ಮುಖ ಮೆತ್ತಗಾಯಿತು.

"ಆಗ್ಲಿ," ಎಂದಳು. ಮದುವೆಯಾದ ಮೇಲೆ ಮೊದಲನೇ ಸಲ, ಗಂಡ ಹೇಳಿದ್ದನ್ನು ಹೇಳಿದ ಹಾಗೇ ನಡೆಸಿಕೊಡುವ ಮನಸ್ಸು ಮಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಬ್ಬಾಳದ ದಾರಿ ಹಿಡಿದು ಹೊರಟೇಬಿಟ್ಟಳು.

ಹಿಂದೆ ಕಂಡಕ್ಟರು ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿ ಅವರನ್ನು ದಾಟಿ ಹೋಯಿತು. ಹೆಬ್ಬಾಳಕ್ಕೆ ಐದು ಮೈಲಿ ಇತ್ತು.